ಒಂದೇ ಅಂಗಿಯಲ್ಲಿ ಇಪ್ಪತ್ತೊಂದು ವರ್ಷ

1919ರ ಅಕ್ಟೋಬರ್ 17ರಂದು ಇಂಗ್ಲೆಂಡಿನ ಲೀಡ್ಸ್ ನಗರದ ಮೆಟ್ರೊಪೋಲ್ ಹೋಟೆಲಿನಲ್ಲಿ ಒಂದು ವಿಚಿತ್ರ ಹರಾಜು ನಡೆಯಿತು. ಅಂದು ಬಿಕರಿಗಿದ್ದವರು ಫುಟ್‌ಬಾಲ್ ಆಟಗಾರರು. ಲೀಡ್ಸ್ ಸಿಟಿ ಎಂಬ ಕ್ಲಬ್ ಮೊದಲ ಮಹಾಯುದ್ಧದ ದಿನಗಳಲ್ಲಿ ಅತಿಥಿ ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟಿತ್ತೆಂಬ ಆರೋಪ ಬಂದಿತ್ತು. ಲೆಕ್ಕಪತ್ರ ತೋರಿಸಿ ಎಂದರೆ ಕ್ಲಬ್ಬಿನವರು ತೋರಿಸಲಿಲ್ಲ. ಫುಟ್‌ಬಾಲ್ ಲೀಗ್ ಅದನ್ನು ಹೊರಹಾಕಿತು. ಕ್ಲಬ್ಬಿನ ಆಸ್ತಿಯನ್ನು ಮಾರಬೇಕಾಗಿ ಬಂದಾಗ ಆಟಗಾರರೂ ಆಸ್ತಿಯ ಪಟ್ಟಿಯಲ್ಲೇ ಸೇರಿದರು. ಬೇರೆ ಬೇರೆ ಊರುಗಳ ಕ್ಲಬ್ಬಿನವರು ಬಂದು ಬೆಲೆ ಕೂಗಿದರು. ಬಿಲ್ಲಿ ಮೆಕ್‌ಲಿಯಡ್ ಎಂಬಾತ 1,250 ಪೌಂಡಿಗೆ ಹೋದ. ಉಳಿದವರಿಗೆ ಅವರವರ ಯೋಗ್ಯತೆಯಂತೆ ಬೆಲೆ ಬಿತ್ತು.

ಐಪಿಎಲ್ ಹರಾಜನ್ನು ಟಿ.ವಿ.ಯಲ್ಲಿ ಕಂಡಿರುವ ನಮಗೆ ಇದೇನೂ ಹೊಸದಲ್ಲ ಎನ್ನಿಸಬಹುದು. ಆದರೆ ಅಂದು ಮಾರಾಟವಾದ ಆಟಗಾರರಿಗೆ ಆ ಬೆಲೆಯಲ್ಲಿ ಕಾಸೂ ದಕ್ಕಲಿಲ್ಲ, ಎಲ್ಲಿಗೆ ಹೋಗುತ್ತೀರಿ ಎಂದು ಅವರನ್ನು ಯಾರೂ ಕೇಳಲೂ ಇಲ್ಲ.

ಅದೇ ದಿನ ಊರಿನ ಅಭಿಮಾನಿಗಳು ಸೇಲಂ ಹಾಲ್‌ನಲ್ಲಿ ಸಭೆ ಸೇರಿ ಹೊಸ ಕ್ಲಬ್ ಕಟ್ಟಲು ತೀರ್ಮಾನಿಸಿದರು. ಹುಟ್ಟಿದ್ದು ಲೀಡ್ಸ್ ಯುನೈಟೆಡ್. ಆಟಗಾರರ ಹರಾಜಿನ ದಿನವೇ ಹುಟ್ಟಿದ ಈ ಕ್ಲಬ್ ಮುಂದೆ ಹೆಸರಾದದ್ದು, ಬಂದ ಆಟಗಾರರು ಬಿಟ್ಟು ಹೋಗದೆ ಉಳಿದದ್ದಕ್ಕೆ. ಜಾಕ್ ಚಾರ್ಲ್‌ಟನ್ 773 ಪಂದ್ಯ, ಬಿಲ್ಲಿ ಬ್ರೆಮ್ನರ್ 772, ಪಾಲ್ ರೀನಿ 748, ನಾರ್ಮನ್ ಹಂಟರ್ 726, ಪಾಲ್ ಮೇಡ್ಲಿ 725, ಪೀಟರ್ ಲೋರಿಮರ್ 705. ಕೆಲವು ದಾಖಲೆಗಳಲ್ಲಿ ಒಂದೆರಡು ಪಂದ್ಯ ಹೆಚ್ಚು ಕಡಿಮೆ ಇದ್ದೀತು. ಆರು ಜನ ಸೇರಿ ಒಂದೇ ಕ್ಲಬ್ಬಿಗೆ ಆಡಿದ್ದು ಸುಮಾರು 4,450 ಪಂದ್ಯ. ಇಂಗ್ಲೆಂಡಿನ ಲೀಗ್‌ನಲ್ಲಿ ಆಗ ವರ್ಷಕ್ಕೆ 42 ಪಂದ್ಯ. ಕಪ್ ಪಂದ್ಯಗಳು ಅದರ ಮೇಲೆ. ಹೇಗೆ ಲೆಕ್ಕ ಹಾಕಿದರೂ 700 ದಾಟಬೇಕಾದರೆ ಹದಿನಾಲ್ಕು ಹದಿನೈದು ವರ್ಷ ಬೇಕು. ಅಂಥ ಆರು ಮಂದಿ ಹಲವು ವರ್ಷ ಒಂದೇ ತಂಡದಲ್ಲಿ ಒಟ್ಟಿಗೆ ಆಡಿದ್ದು ಅಪರೂಪದ ಸಂಗತಿ.

ನಮ್ಮಲ್ಲಿ ಲೀಡ್ಸ್ ಎಂದರೆ ನೆನಪಾಗುವುದು ಹೆಡಿಂಗ್ಲಿ ಕ್ರಿಕೆಟ್ ಮೈದಾನ. 2002ರಲ್ಲಿ ರಾಹುಲ್ ದ್ರಾವಿಡ್ 148 ರನ್ ಹೊಡೆದು ಭಾರತದ ಗೆಲುವಿಗೆ ಅಡಿಪಾಯ ಹಾಕಿದ್ದು ಅಲ್ಲೇ. ಆದರೆ ಆ ಊರಿನ ಜನಕ್ಕೆ ಮೊದಲು ನೆನಪಾಗುವ ಮೈದಾನ ಎಲ್ಲಂಡ್ ರೋಡ್. ಅಲ್ಲಿ ಆಡಿ ವಯಸ್ಸಾದವರ ಕಥೆ ಕೆದಕಿದರೆ ಒಂದು ಪ್ರಶ್ನೆ ಎದುರಾಗುತ್ತದೆ. ಅವರು ಉಳಿದದ್ದು ನಿಷ್ಠೆಯಿಂದಲೋ, ಹೋಗಲು ದಾರಿಯೇ ಇರಲಿಲ್ಲವೋ?

ಕಟ್ಟಿಹಾಕಿದ ಕಾಯಿದೆ

1893ರಿಂದ ಇಂಗ್ಲೆಂಡಿನಲ್ಲಿ ಒಂದು ಪದ್ಧತಿ ಜಾರಿಯಲ್ಲಿತ್ತು. ಆಟಗಾರನ ಒಪ್ಪಂದ ಮುಗಿದರೂ ಆತನ ನೋಂದಣಿ ಕ್ಲಬ್ಬಿನ ಕೈಯಲ್ಲೇ ಇರುತ್ತಿತ್ತು. ಪ್ರತಿ ವರ್ಷ ಸೀಸನ್ ಮುಗಿದಾಗ ಕ್ಲಬ್ಬು ಎರಡು ಪಟ್ಟಿ ಮಾಡುತ್ತಿತ್ತು: ಉಳಿಸಿಕೊಳ್ಳುವವರು, ಮಾರುವವರು. ಉಳಿಸಿಕೊಳ್ಳುವ ಪಟ್ಟಿಯಲ್ಲಿದ್ದವನು ಕ್ಲಬ್ಬಿನ ಒಪ್ಪಿಗೆ ಇಲ್ಲದೆ ಬೇರೆಡೆ ಆಡುವಂತಿಲ್ಲ. ಮುನಿಸಿಕೊಂಡು ಮನೆಯಲ್ಲಿ ಕೂತರೆ ಸಂಬಳವೂ ಇಲ್ಲ. ಇದರ ಜೊತೆಗೆ 1901ರಿಂದ ಸಂಬಳಕ್ಕೆ ಮಿತಿ. ಆರಂಭದಲ್ಲಿ ವಾರಕ್ಕೆ 4 ಪೌಂಡ್ ಇದ್ದ ಮಿತಿ 1958ರ ಹೊತ್ತಿಗೆ 20 ಪೌಂಡಿಗೆ ಏರಿತ್ತು. ಎಷ್ಟೇ ದೊಡ್ಡ ಆಟಗಾರನಾದರೂ, ಮೈದಾನದಲ್ಲಿ ಐವತ್ತು ಸಾವಿರ ಜನ ಟಿಕೆಟ್ ಕೊಂಡು ಕೂತಿದ್ದರೂ, ಅದಕ್ಕಿಂತ ಒಂದು ಪೆನ್ನಿ ಹೆಚ್ಚು ಕೊಟ್ಟರೆ ಅಪರಾಧ. ಎಲ್ಲ ಕ್ಲಬ್ಬಿನಲ್ಲೂ ಅದೇ ಸಂಬಳ ಎಂದ ಮೇಲೆ ಊರು ಬಿಟ್ಟು ಹೋಗಿ ಗಳಿಸುವುದಾದರೂ ಏನು?

ಹಳೆಯ ಕಾಲದ ದೀರ್ಘಸೇವೆಯನ್ನು ಹೊಗಳುವಾಗ ನಾವು ಇದನ್ನು ಮರೆಯುತ್ತೇವೆ. 1920ರಲ್ಲಿ ಲೀಡ್ಸ್ ಸೇರಿದ ಎರ್ನಿ ಹಾರ್ಟ್ 1936ರವರೆಗೆ 16 ವರ್ಷ ಅಲ್ಲೇ ಇದ್ದ. 1925ರಲ್ಲಿ ಬಂದ ವಿಲ್ಲಿಸ್ ಎಡ್ವರ್ಡ್ಸ್ ಇಂಗ್ಲೆಂಡ್ ತಂಡಕ್ಕೆ 16 ಪಂದ್ಯ ಆಡಿದವನು. ಆಟ ನಿಂತ ಮೇಲೂ ತರಬೇತುದಾರನಾಗಿ, ಒಂದಿಷ್ಟು ಕಾಲ ಮ್ಯಾನೇಜರನಾಗಿ, ಮತ್ತೆ ತರಬೇತುದಾರನ ಸಹಾಯಕನಾಗಿ ಆ ಕ್ಲಬ್ಬಿನಲ್ಲೇ ಮೂರು ದಶಕ ಕಳೆದ. ಅವರ ನಿಷ್ಠೆ ಸುಳ್ಳೆಂದು ಹೇಳುತ್ತಿಲ್ಲ. ಆದರೆ ಬೀಗ ಹಾಕಿದ ಮನೆಯೊಳಗಿದ್ದವನಿಗೆ ಹೊರಹೋಗುವ ಮನಸ್ಸಿತ್ತೋ ಇಲ್ಲವೋ ಎಂದು ಹೊರಗೆ ನಿಂತವರು ಹೇಳುವುದು ಹೇಗೆ?

ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ ಇಬ್ಬರು ಹುಡುಗರು ಲೀಡ್ಸ್ ಸೇರಿದರು. ಒಬ್ಬ ವೇಲ್ಸ್‌ನ ಜಾನ್ ಚಾರ್ಲ್ಸ್. ರಕ್ಷಣಾ ಆಟಗಾರನಾಗಿಯೂ ಮುನ್ನುಗ್ಗುವ ಆಟಗಾರನಾಗಿಯೂ ಸಮಾನ ಸಮರ್ಥ. 1953-54ರ ಒಂದೇ ಸೀಸನ್ನಿನಲ್ಲಿ ಲೀಗ್‌ನಲ್ಲಿ 42 ಗೋಲು ಹೊಡೆದ. ಇನ್ನೊಬ್ಬ ಬರ್ಟನ್ ಪಟ್ಟಣದ ಗ್ರೆನ್‌ವಿಲ್ ಹೇರ್ ಎಂಬ ಫುಲ್‌ಬ್ಯಾಕ್. 1956ರಲ್ಲಿ ಎಲ್ಲಂಡ್ ರೋಡ್‌ನ ಪಶ್ಚಿಮದ ಸ್ಟ್ಯಾಂಡ್ ಬೆಂಕಿಗೆ ಆಹುತಿಯಾಯಿತು. ಕಟ್ಟಲು ಹಣವಿಲ್ಲ. ಮರುವರ್ಷ ಕ್ಲಬ್ಬು ಚಾರ್ಲ್ಸನನ್ನು ಇಟಲಿಯ ಯುವೆಂಟಸ್‌ಗೆ 65,000 ಪೌಂಡಿಗೆ ಮಾರಿತು. ಬ್ರಿಟನ್ನಿನ ಯಾವ ಆಟಗಾರನಿಗೂ ಅದುವರೆಗೆ ಅಷ್ಟು ಬೆಲೆ ಬಂದಿರಲಿಲ್ಲ. ಚಾರ್ಲ್ಸನಿಗೆ ಸಹಿ ಹಾಕಿದ್ದಕ್ಕೇ 10,000 ಪೌಂಡ್ ಸಿಕ್ಕಿತು. ಲೀಡ್ಸ್‌ನಲ್ಲಿ ಅಷ್ಟು ಗಳಿಸಲು ಆತ ಹತ್ತು ವರ್ಷಕ್ಕೂ ಹೆಚ್ಚು ದುಡಿಯಬೇಕಿತ್ತು. ಇಟಲಿಯಲ್ಲಿ ಮೂರು ಲೀಗ್ ಪ್ರಶಸ್ತಿ ಗೆದ್ದು ದೇವರಂತೆ ಪೂಜಿಸಿಕೊಂಡ.

ಗ್ರೆನ್‌ವಿಲ್ ಹೇರ್ ಉಳಿದ. 1964ರವರೆಗೆ 474 ಪಂದ್ಯ ಆಡಿದ. ಹೊಡೆದದ್ದು ಎರಡೇ ಗೋಲು. ದೇಶದ ತಂಡದ ಟೋಪಿ ಒಮ್ಮೆಯೂ ಸಿಗಲಿಲ್ಲ. ಆಮೇಲೆ ಪಕ್ಕದ ಬ್ರಾಡ್‌ಫರ್ಡ್ ಸಿಟಿ ಕ್ಲಬ್ಬಿನ ಮ್ಯಾನೇಜರನಾಗಿ, 1968ರಲ್ಲಿ ಹುಡುಗರಿಗೆ ತರಬೇತಿ ಕೊಡುತ್ತಿರುವಾಗಲೇ ಕುಸಿದು ತೀರಿಕೊಂಡ. ಆಗ ಆತನಿಗೆ 36 ವರ್ಷ. ಚಾರ್ಲ್ಸನ ಬಗ್ಗೆ ಪುಸ್ತಕಗಳಿವೆ. ಹೇರ್ ಬಗ್ಗೆ ಲೀಡ್ಸ್‌ನ ಹಳೇ ಅಭಿಮಾನಿಗಳ ನೆನಪಿದೆ, ಅಷ್ಟೇ.

1961ರ ಜನವರಿಯಲ್ಲಿ ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿ ಸಂಬಳದ ಮಿತಿಯನ್ನು ತೆಗೆಸಿತು. ಸಂಘದ ಅಧ್ಯಕ್ಷ ಜಿಮ್ಮಿ ಹಿಲ್ ಆ ಹೋರಾಟದ ಮುಂದಾಳು. ಎರಡು ವರ್ಷದ ನಂತರ, ನ್ಯೂಕ್ಯಾಸಲ್ ಕ್ಲಬ್ಬಿನ ವಿರುದ್ಧ ಜಾರ್ಜ್ ಈಸ್ಟ್‌ಹ್ಯಾಂ ಹೂಡಿದ್ದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್, ಒಪ್ಪಂದ ಮುಗಿದವನನ್ನು ಕಟ್ಟಿಹಾಕುವುದು ದುಡಿಯುವ ಹಕ್ಕಿಗೆ ಅಡ್ಡಿ ಎಂದು ತೀರ್ಪಿತ್ತರು. ಬೀಗ ಪೂರ್ತಿ ಕಳಚಲಿಲ್ಲ. ಅದಕ್ಕೆ 1978ರವರೆಗೆ ಕಾಯಬೇಕಾಯಿತು. ಆದರೆ ಬಾಗಿಲು ಸಂದಿ ಬಿಟ್ಟಿತು.

ಸಂಬಳದ ಮಿತಿ ಹೋದ ಎರಡು ತಿಂಗಳಿಗೆ, 1961ರ ಮಾರ್ಚ್‌ನಲ್ಲಿ, ಲೀಡ್ಸ್‌ನಲ್ಲಿ ಆಡುತ್ತಿದ್ದ ಡಾನ್ ರೆವಿ ಅದೇ ಕ್ಲಬ್ಬಿನ ಮ್ಯಾನೇಜರನಾದ. ಅಂದರೆ, ಆತ ಬೆಳೆಸಿದ ಹುಡುಗರೇ ಹೋಗಬೇಕೆಂದರೆ ಒಂದಿಷ್ಟಾದರೂ ದಾರಿಯಿದ್ದ ಮೊದಲ ತಲೆಮಾರು.

ಗಣಿಯಿಂದ ಬಂದವನು

ಜಾಕ್ ಚಾರ್ಲ್‌ಟನ್ ಮಾತ್ರ ರೆವಿಗಿಂತ ಹಳಬ. ಇಂಗ್ಲೆಂಡಿನ ಈಶಾನ್ಯ ಮೂಲೆಯ ಆಶಿಂಗ್‌ಟನ್ ಕಲ್ಲಿದ್ದಲ ಊರು. ಅಪ್ಪ ಗಣಿ ಕಾರ್ಮಿಕ. ತಾಯಿಯ ಕಡೆಯವರೆಲ್ಲ ಫುಟ್‌ಬಾಲ್ ಆಡಿದವರು. ತಮ್ಮ ಬಾಬಿ ಹುಟ್ಟು ಪ್ರತಿಭೆ. ಆತನನ್ನು ಮ್ಯಾಂಚೆಸ್ಟರ್ ಯುನೈಟೆಡ್ ಎತ್ತಿಕೊಂಡು ಹೋಯಿತು. ಉದ್ದ ಕಾಲಿನ, ಒರಟು ಸ್ವಭಾವದ ಅಣ್ಣನ ಮೇಲೆ ಯಾರಿಗೂ ದೊಡ್ಡ ಆಸೆಯಿರಲಿಲ್ಲ. ಹದಿನೈದರಲ್ಲಿ ಲೀಡ್ಸ್ ಕರೆದಾಗ ಆತ ಹೋಗದೆ ಗಣಿಗೆ ಇಳಿದ. ಕೆಲವೇ ದಿನದಲ್ಲಿ ಇದು ತನ್ನಿಂದ ಆಗದೆಂದು ಬಿಟ್ಟ. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ. ಸಂದರ್ಶನದ ದಿನವೇ ಲೀಡ್ಸ್‌ನ ಪರೀಕ್ಷಾ ಪಂದ್ಯವೂ ಬಂತು. ಪಂದ್ಯಕ್ಕೆ ಹೋದ.

ಮೊದಲ ಕೆಲಸ ಮೈದಾನದ ಕಳೆ ಕೀಳುವುದು, ಹಿರಿಯ ಆಟಗಾರರ ಬೂಟು ತೊಳೆಯುವುದು. 1953ರ ಏಪ್ರಿಲ್‌ನಲ್ಲಿ ಡಾನ್‌ಕಾಸ್ಟರ್ ವಿರುದ್ಧ ಮೊದಲ ಪಂದ್ಯ. ನಡುವೆ ಎರಡು ವರ್ಷ ಕಡ್ಡಾಯ ಸೈನ್ಯ ಸೇವೆ. ಮುಂದಿನ ಹಲವು ವರ್ಷ ಆತ ಸಾಧಾರಣ ತಂಡದ ಸಾಧಾರಣ ಆಟಗಾರ, ಜೊತೆಗೆ ಜಗಳಗಂಟ. ಆಟಗಾರನಾಗಿದ್ದಾಗಲೇ ರೆವಿ, ನಾನು ಮ್ಯಾನೇಜರ್ ಆಗಿದ್ದರೆ ನಿನ್ನನ್ನು ಆಡಿಸುತ್ತಲೇ ಇರಲಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದನಂತೆ. ಅದೇ ರೆವಿ ಮ್ಯಾನೇಜರ್ ಆದಾಗ ಚಾರ್ಲ್‌ಟನ್ ಹೊರಡುವ ತಯಾರಿಯಲ್ಲಿದ್ದ. 1962ರಲ್ಲಿ ಲಿವರ್‌ಪೂಲ್ ಬೆಲೆ ವಿಚಾರಿಸಿತು, ಕುದುರಲಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾಟ್ ಬಸ್ಬಿ ಆಸಕ್ತಿ ತೋರಿಸಿ, ಮೊದಲು ನಮ್ಮ ಹುಡುಗನೊಬ್ಬನನ್ನು ನೋಡುತ್ತೇನೆ ಎಂದು ಕಾಯಿಸಿದ. ಕಾಯುವುದು ಚಾರ್ಲ್‌ಟನ್ ಜಾಯಮಾನದಲ್ಲೇ ಇರಲಿಲ್ಲ. ಸಿಟ್ಟು ಮಾಡಿಕೊಂಡು ವಾಪಸು ಬಂದು ಲೀಡ್ಸ್‌ನ ಒಪ್ಪಂದಕ್ಕೇ ಸಹಿ ಹಾಕಿದ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ನಿಷ್ಠೆಗೆ ಉದಾಹರಣೆಯಾದವನು ನಿಷ್ಠೆಯಿಂದ ಉಳಿದದ್ದಲ್ಲ, ಹೊರಗಿನವರ ಮೇಲಿನ ಸಿಟ್ಟಿನಿಂದ ಉಳಿದದ್ದು.

ಉಳಿದ ಮೇಲೆ ಬದಲಾದ. ರಕ್ಷಣೆಯ ನಡುವೆ ನಿಂತು ಉಳಿದವರನ್ನು ನಡೆಸುವ ಹೊಣೆಯನ್ನು ರೆವಿ ಆತನಿಗೇ ಒಪ್ಪಿಸಿದ. ಮೂವತ್ತು ತುಂಬಲು ಒಂದು ತಿಂಗಳಿರುವಾಗ, 1965ರಲ್ಲಿ, ಮೊದಲ ಸಲ ಇಂಗ್ಲೆಂಡ್ ತಂಡಕ್ಕೆ ಆಯ್ಕೆ. ಮರುವರ್ಷ ತಮ್ಮನ ಜೊತೆ ವಿಶ್ವಕಪ್ ಎತ್ತಿದ. 1967ರಲ್ಲಿ ಫುಟ್‌ಬಾಲ್ ಬರಹಗಾರರು ವರ್ಷದ ಆಟಗಾರ ಎಂದರು. 1973ರಲ್ಲಿ ಬೂಟು ಬಿಚ್ಚಿದ. ಒಂದೇ ಕ್ಲಬ್ಬಿನ ಅಂಗಿಯಲ್ಲಿ ಇಪ್ಪತ್ತೊಂದು ವರ್ಷ. ಮುಂದೆ ಐರ್ಲೆಂಡ್ ತಂಡದ ಮ್ಯಾನೇಜರನಾಗಿ 1990ರ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್‌ವರೆಗೆ ಕೊಂಡೊಯ್ದು, ಇಂಗ್ಲಿಷರನ್ನು ಸುಲಭಕ್ಕೆ ಹಚ್ಚಿಕೊಳ್ಳದ ಆ ದೇಶದ ಗೌರವ ಪೌರತ್ವವನ್ನೂ ಪಡೆದ.

ಕೆಂಗೂದಲಿನ ನಾಯಕ

ಬಿಲ್ಲಿ ಬ್ರೆಮ್ನರ್ ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನವನು. ಎತ್ತರ ಐದಡಿ ಐದಂಗುಲ. 1959ರ ಡಿಸೆಂಬರ್‌ನಲ್ಲಿ, ಹದಿನೇಳು ತುಂಬಿದ ಬೆನ್ನಿಗೇ, ಲೀಡ್ಸ್‌ಗೆ ಸಹಿ ಹಾಕಿದ. ಮರುತಿಂಗಳೇ ಚೆಲ್ಸಿ ವಿರುದ್ಧ ಮೊದಲ ಪಂದ್ಯ. ಪಕ್ಕದಲ್ಲೇ ಆಡುತ್ತಿದ್ದವನು ಮೂವತ್ತೆರಡರ ರೆವಿ. ಆಟ ಚೆನ್ನಾಗಿತ್ತು, ಮನಸ್ಸು ಮಾತ್ರ ಊರಲ್ಲಿತ್ತು. ಮದುವೆಯಾಗಬೇಕಿದ್ದ ಹುಡುಗಿ ಸ್ಟರ್ಲಿಂಗ್‌ನಲ್ಲಿ. ಲೀಡ್ಸ್‌ನ ಬಾಡಿಗೆ ಕೋಣೆಯಲ್ಲಿ ಈತ. ಎಡಿನ್‌ಬರೊದ ಹಿಬರ್ನಿಯನ್ ಕ್ಲಬ್ ಬೆಲೆ ಕೊಟ್ಟು ಕೊಳ್ಳಲು ಮುಂದಾಯಿತು. ಬ್ರೆಮ್ನರ್ ಹೊರಡಲು ತಯಾರು. ರೆವಿ ಅವರು ಕೊಡುತ್ತೇವೆಂದದ್ದಕ್ಕಿಂತ ಹೆಚ್ಚು ಬೆಲೆ ಕೇಳಿ ವ್ಯವಹಾರ ಮುರಿದ. ಜೊತೆಗೆ ತಾನೇ ಸ್ಕಾಟ್ಲೆಂಡಿಗೆ ಹೋಗಿ ಆ ಹುಡುಗಿಯನ್ನು ಕಂಡು ಮಾತಾಡಿದನೆಂದು ಲೀಡ್ಸ್‌ನಲ್ಲಿ ಹೇಳುತ್ತಾರೆ. ಮದುವೆಯಾಯಿತು, ಸಂಸಾರ ಲೀಡ್ಸ್‌ಗೆ ಬಂತು.

ರೆವಿಯ ರೀತಿಯೇ ಹಾಗೆ. ಆಟಗಾರರ ಹೆಂಡಂದಿರ ಹುಟ್ಟುಹಬ್ಬಕ್ಕೆ ಹೂವು ಕಳಿಸುತ್ತಿದ್ದ, ತಾಯಂದಿರ ಆರೋಗ್ಯ ವಿಚಾರಿಸುತ್ತಿದ್ದ. ಗುರುವಾರ ಆಟಗಾರರ ಮೈಗೆ ತಾನೇ ಸೋಪು ಹಚ್ಚಿ ತಿಕ್ಕುತ್ತಿದ್ದ. ಪಂದ್ಯದ ಹಿಂದಿನ ರಾತ್ರಿ ಹೋಟೆಲಿನಲ್ಲಿ ಎಲ್ಲರನ್ನೂ ಕೂರಿಸಿ ಬಿಂಗೊ ಆಡಿಸುತ್ತಿದ್ದ. ಕೇಳಿದರೆ ನಗು ಬರಬಹುದು. ಹದಿನೈದು ಹದಿನಾರಕ್ಕೇ ಮನೆ ಬಿಟ್ಟು ಬಂದ ಹುಡುಗರಿಗೆ ಅದು ತಮಾಷೆಯಾಗಿರಲಿಲ್ಲ. ಬೀಗ ಸಡಿಲವಾದ ಕಾಲದಲ್ಲಿ ಆತ ಬೀಗದ ಬದಲು ಮನೆ ಕಟ್ಟಿದ. ನನ್ನ ದೃಷ್ಟಿಯಲ್ಲಿ ಇದರಲ್ಲಿ ಪ್ರೀತಿ ಎಷ್ಟಿತ್ತೋ ಲೆಕ್ಕಾಚಾರವೂ ಅಷ್ಟೇ ಇತ್ತು. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

ಬ್ರೆಮ್ನರ್ 1965ರ ಹೊತ್ತಿಗೆ ನಾಯಕನಾದ. 1965ರಲ್ಲಿ ಮತ್ತು 1970ರಲ್ಲಿ, ಎರಡು ಸಲವೂ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಎಫ್.ಎ. ಕಪ್ ಸೆಮಿಫೈನಲ್‌ನಲ್ಲಿ ಗೆಲುವಿನ ಗೋಲು ಆತನದೇ. ಕೋಪವೂ ಅಷ್ಟೇ. 1974ರ ಚಾರಿಟಿ ಶೀಲ್ಡ್ ಪಂದ್ಯದಲ್ಲಿ ಲಿವರ್‌ಪೂಲ್‌ನ ಕೆವಿನ್ ಕೀಗನ್ ಜೊತೆ ಕೈ ಮಿಲಾಯಿಸಿ ಇಬ್ಬರೂ ಹೊರಬಿದ್ದರು. ಹೋಗುವಾಗ ಅಂಗಿ ಕಿತ್ತೆಸೆದರು. ಆ ಕಾಲದಲ್ಲಿ ಲೀಡ್ಸ್‌ನವರನ್ನು ಹೊರಗಿನವರು ಕೊಳಕು ಆಟದವರು ಎಂದೇ ಕರೆಯುತ್ತಿದ್ದರು. ಅದು ಪೂರ್ತಿ ಅನ್ಯಾಯದ ಮಾತೆಂದು ಹೇಳಲಾಗದು.

ಸ್ವಾನ್ಸಿಯ ಸೆಪ್ಟೆಂಬರ್

1962ರ ಸೆಪ್ಟೆಂಬರ್ 8ರಂದು ರೆವಿ ಒಂದು ಜೂಜಾಡಿದ. ತಂಡ ಎರಡನೇ ಡಿವಿಜನ್‌ನಲ್ಲಿ ಏಗುತ್ತಿತ್ತು. ಸ್ವಾನ್ಸಿ ಊರಿನ ಪಂದ್ಯಕ್ಕೆ ಹಿರಿಯರನ್ನು ಕೂರಿಸಿ, ಮೀಸೆ ಚಿಗುರುವ ವಯಸ್ಸಿನ ಹುಡುಗರನ್ನು ಇಳಿಸಿದ. ಅವರಲ್ಲಿ ಹದಿನೇಳರ ಪಾಲ್ ರೀನಿ ಮತ್ತು ಹದಿನೆಂಟರ ನಾರ್ಮನ್ ಹಂಟರ್ ಇದ್ದರು. ಲೀಡ್ಸ್ 2-0 ಗೆದ್ದಿತು. ಮೂರು ವಾರದ ನಂತರ ಸೌತಾಂಪ್ಟನ್ ವಿರುದ್ಧ ಪೀಟರ್ ಲೋರಿಮರ್ ಆಡಿದ. ವಯಸ್ಸು 15 ವರ್ಷ 289 ದಿನ. ಡಂಡಿ ಊರಿನ ಈ ಹುಡುಗನ ಸಹಿ ಬೇರೆಯವರಿಗಿಂತ ಮೊದಲು ಪಡೆಯಲು ರೆವಿ ರಾತ್ರೋರಾತ್ರಿ ಕಾರು ಓಡಿಸಿ, ವೇಗದ ಮಿತಿ ಮೀರಿ ಪೊಲೀಸರ ಕೈಗೆ ಸಿಕ್ಕಿಬಿದ್ದಿದ್ದ.

ಹಂಟರ್ ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡವನು. ವಿದ್ಯುತ್ ಫಿಟ್ಟರ್ ಕೆಲಸ ಕಲಿಯುತ್ತಿದ್ದಾಗ ಲೀಡ್ಸ್ ಕರೆಯಿತು. ಆತನ ಟ್ಯಾಕಲ್ ಎಂದರೆ ಎದುರಾಳಿಗಳಿಗೆ ನಡುಕ. 1972ರ ಕಪ್ ಫೈನಲ್‌ನಲ್ಲಿ ಅಭಿಮಾನಿಗಳು ಹಿಡಿದ ಬ್ಯಾನರ್ ಒಂದು, ನಾರ್ಮನ್ ಕಾಲು ಕಚ್ಚುತ್ತಾನೆ ಎಂಬರ್ಥದ್ದು, ಆತನಿಗೆ ಶಾಶ್ವತ ಅಡ್ಡಹೆಸರಾಯಿತು. ಆದರೆ 1974ರಲ್ಲಿ ಆಟಗಾರರ ಸಂಘ ಮೊದಲ ಬಾರಿಗೆ ವರ್ಷದ ಆಟಗಾರನನ್ನು ಆರಿಸಿದಾಗ, ಅಂದರೆ ಯಾರ ಕಾಲುಗಳನ್ನು ಆತ ನೋಯಿಸಿದ್ದನೋ ಅವರೇ ಮತ ಹಾಕಿದಾಗ, ಗೆದ್ದದ್ದು ಹಂಟರ್. ಅದಕ್ಕೆ ಕೆಲವೇ ತಿಂಗಳ ಹಿಂದೆ, 1973ರ ಅಕ್ಟೋಬರ್‌ನಲ್ಲಿ, ವೆಂಬ್ಲಿಯಲ್ಲಿ ಆತ ಕಳೆದುಕೊಂಡ ಒಂದು ಚೆಂಡು ಪೋಲೆಂಡಿಗೆ ಗೋಲಾಗಿ, ಇಂಗ್ಲೆಂಡ್ ವಿಶ್ವಕಪ್ಪಿಗೇ ಹೋಗದಂತಾಗಿತ್ತು. 1966ರ ವಿಶ್ವಕಪ್ ತಂಡದಲ್ಲಿದ್ದೂ ಆಡದ ಆತನಿಗೆ ಪದಕ ಸಿಕ್ಕಿದ್ದು 2009ರಲ್ಲಿ, ಪ್ರಧಾನಿಯ ಮನೆಯಲ್ಲಿ.

ಗಂಡಾಗುಂಡಿ ಆಟದ ಆ ತಂಡದಲ್ಲಿ ಪಾಲ್ ಮೇಡ್ಲಿ ಬೇರೆಯೇ ಜಾತಿಯವನು. ಆರು ಮಂದಿಯಲ್ಲಿ ಲೀಡ್ಸ್‌ನಲ್ಲೇ ಹುಟ್ಟಿದವನು ಈತ ಮಾತ್ರ. 2ರಿಂದ 11ರವರೆಗಿನ ಎಲ್ಲ ಅಂಗಿಗಳನ್ನೂ ತೊಟ್ಟು ಆಡಿದ. ಯಾರಿಗೆ ಗಾಯವಾದರೂ ಆ ಜಾಗಕ್ಕೆ ಮೇಡ್ಲಿ. ತನ್ನದೇ ಜಾಗವಿಲ್ಲದೆ 725 ಪಂದ್ಯ ಆಡಿದವನು ಇನ್ನೊಬ್ಬ ಸಿಗಲಾರ. ಒಮ್ಮೆ ಒಪ್ಪಂದ ನವೀಕರಿಸಲು ಕರೆದಾಗ, ನನಗೆ ಬೇರೆಲ್ಲೂ ಹೋಗುವ ಇರಾದೆಯಿಲ್ಲ, ಖಾಲಿ ಕಾಗದಕ್ಕೆ ಸಹಿ ಮಾಡುತ್ತೇನೆ, ಮೊತ್ತ ನೀವೇ ತುಂಬಿಕೊಳ್ಳಿ ಎಂದನಂತೆ. ಆಟಗಾರರ ಸಂಘ ಇಷ್ಟು ವರ್ಷ ಹೋರಾಡಿ ಗಳಿಸಿದ ಹಕ್ಕನ್ನು ಹೀಗೆ ಬಿಟ್ಟುಕೊಡುವುದು ಸರಿಯೇ ಎಂದು ಜಿಮ್ಮಿ ಹಿಲ್ ಕೇಳಬಹುದಿತ್ತು. ಆದರೆ ಬಿಟ್ಟುಕೊಡಲು ಮೊದಲು ಹಕ್ಕು ಇರಬೇಕಲ್ಲ.

ಮೇಡ್ಲಿಯದು ಮೆದು ಸ್ವಭಾವವೆಂದುಕೊಳ್ಳಬೇಡಿ. 1969-70ರಲ್ಲಿ ಲೀಡ್ಸ್ ಲೀಗ್, ಎಫ್.ಎ. ಕಪ್, ಯೂರೋಪಿಯನ್ ಕಪ್ ಮೂರರ ಬೆನ್ನೂ ಹತ್ತಿ, ಸುಸ್ತಾಗಿ, ಮೂರನ್ನೂ ಕಳೆದುಕೊಂಡಿತು. ರೀನಿಯ ಕಾಲು ಮುರಿದು ವಿಶ್ವಕಪ್ ತಂಡದಲ್ಲಿ ಜಾಗ ಖಾಲಿಯಾದಾಗ ಮೇಡ್ಲಿಗೆ ಕರೆ ಬಂತು. ದಣಿದಿದ್ದೇನೆ, ಬರುವುದಿಲ್ಲ ಎಂದ. ವಿಶ್ವಕಪ್ಪಿಗೆ!

ರೀನಿಯ ಬಗ್ಗೆ ಹೇಳುವುದು ಕಡಿಮೆ. ರೈಟ್ ಬ್ಯಾಕ್, ಹಿಂದೆ ಮೋಟಾರು ಮೆಕ್ಯಾನಿಕ್ ಕೆಲಸ ಕಲಿಯುತ್ತಿದ್ದವನು. ಜಾರ್ಜ್ ಬೆಸ್ಟ್‌ನಂಥ ಮಾಂತ್ರಿಕನನ್ನು ನೆರಳಿನಂತೆ ಹಿಂಬಾಲಿಸಿ ಆಟ ಮರೆಸುವುದು ಆತನ ಕಸುಬು. ಇಂಥ ಕಸುಬಿಗೆ ಚಪ್ಪಾಳೆ ಕಡಿಮೆ.

ಲೋರಿಮರ್ ಚಪ್ಪಾಳೆಯ ಆಟಗಾರ. ಆತನ ಒದೆತ ಇಂಗ್ಲೆಂಡಿನಲ್ಲೇ ಅತಿ ಬಿರುಸಿನದೆಂದು ಹೆಸರು. ಲೀಡ್ಸ್‌ಗೆ 238 ಗೋಲು. ಕ್ಲಬ್ಬಿನ ಬೇರಾರೂ ಅಷ್ಟು ಹೊಡೆದಿಲ್ಲ. ಆದರೆ ಲೀಡ್ಸ್‌ನವರು ಇಂದಿಗೂ ಮಾತಾಡುವುದು ಲೆಕ್ಕಕ್ಕೆ ಬಾರದ ಗೋಲಿನ ಬಗ್ಗೆ. 1975ರಲ್ಲಿ ಪ್ಯಾರಿಸ್‌ನಲ್ಲಿ ಬಾಯರ್ನ್ ಮ್ಯೂನಿಕ್ ವಿರುದ್ಧ ಯೂರೋಪಿಯನ್ ಕಪ್ ಫೈನಲ್. ಲೋರಿಮರ್ ಒದ್ದ ಚೆಂಡು ಬಲೆಗೆ ಬಿತ್ತು. ಬ್ರೆಮ್ನರ್ ಆಫ್‌ಸೈಡ್‌ನಲ್ಲಿದ್ದನೆಂದು ರೆಫರಿ ಗೋಲು ಕೊಡಲಿಲ್ಲ. ಬಾಯರ್ನ್ 2-0 ಗೆದ್ದಿತು. 1979ರಲ್ಲಿ ಲೋರಿಮರ್ ಕ್ಲಬ್ ಬಿಟ್ಟು ಕೆನಡಾ ಕಡೆ ಹೋಗಿ ಆಡಿ, 1983ರಲ್ಲಿ ಮತ್ತೆ ಲೀಡ್ಸ್‌ಗೇ ಮರಳಿ ಇನ್ನೂ ಎರಡು ಮೂರು ವರ್ಷ ಆಡಿದ. ಕೊನೆಗೆ ಅದೇ ಊರಿನ ಹೋಲ್ಬೆಕ್ ಬಡಾವಣೆಯಲ್ಲಿ ಪಬ್ ನಡೆಸುತ್ತ, ಬಂದ ಅಭಿಮಾನಿಗಳ ಜೊತೆ ಹರಟುತ್ತ ಇದ್ದ.

ಉಳಿದವರಿಗೆ ಸಿಕ್ಕಿದ್ದು

ರೆವಿಯ ಕಾಲದಲ್ಲಿ ಲೀಡ್ಸ್ 1969 ಮತ್ತು 1974ರಲ್ಲಿ ಲೀಗ್ ಗೆದ್ದಿತು. 1972ರಲ್ಲಿ ಎಫ್.ಎ. ಕಪ್. 1968ರಲ್ಲಿ ಲೀಗ್ ಕಪ್, 1968 ಮತ್ತು 1971ರಲ್ಲಿ ಯೂರೋಪಿನ ಫೇರ್ಸ್ ಕಪ್. ಗೆದ್ದದ್ದಕ್ಕಿಂತ ಕೊನೆಯ ಹೆಜ್ಜೆಯಲ್ಲಿ ಎಡವಿದ್ದೇ ಹೆಚ್ಚು. 1974ರಲ್ಲಿ ರೆವಿ ಇಂಗ್ಲೆಂಡ್ ತಂಡಕ್ಕೆ ಹೋದ. ಆತನ ಜಾಗಕ್ಕೆ ಬಂದ ಬ್ರಯನ್ ಕ್ಲಫ್, ನಿಮ್ಮ ಪದಕಗಳನ್ನು ಕಸದ ಬುಟ್ಟಿಗೆ ಹಾಕಿ, ಮೋಸದಿಂದ ಗೆದ್ದವು ಅವು ಎಂಬರ್ಥದಲ್ಲಿ ಮಾತಾಡಿದ. ಒಂದೂವರೆ ದಶಕ ಒಟ್ಟಿಗಿದ್ದವರ ಎದುರು ಆ ಮಾತು ನಡೆಯಲಿಲ್ಲ. 44 ದಿನಕ್ಕೆ ಕ್ಲಫ್ ಗಂಟುಮೂಟೆ ಕಟ್ಟಿದ. ಮನೆಮಂದಿಯಂತಿರುವ ತಂಡದ ಬಲವೂ ಅದೇ, ತೊಡಕೂ ಅದೇ, ಹೊಸಬರಿಗೆ ಜಾಗವಿಲ್ಲ. ಎಲ್ಲರೂ ಒಟ್ಟಿಗೇ ಮುದುಕರಾದರು. 1976ರಲ್ಲಿ ಬ್ರೆಮ್ನರ್ ಮತ್ತು ಹಂಟರ್, 1978ರಲ್ಲಿ ರೀನಿ, 1980ರಲ್ಲಿ ಮೇಡ್ಲಿ ಹೊರನಡೆದರು. 1982ರಲ್ಲಿ ಕ್ಲಬ್ಬು ಎರಡನೇ ಡಿವಿಜನ್‌ಗೆ ಇಳಿಯಿತು. ಎತ್ತಲು ಮತ್ತೆ ಹಳಬರನ್ನೇ ಕರೆದರು. ಎಡ್ಡಿ ಗ್ರೇ, ಆಮೇಲೆ 1985ರಿಂದ 1988ರವರೆಗೆ ಬ್ರೆಮ್ನರ್ ಮ್ಯಾನೇಜರ್ ಆದರು. 1987ರಲ್ಲಿ ಬ್ರೆಮ್ನರ್ ತಂಡವನ್ನು ಕಪ್ ಸೆಮಿಫೈನಲ್‌ಗೂ, ಬಡ್ತಿಯ ಅಂಚಿಗೂ ತಂದು, ಎರಡರಲ್ಲೂ ಸೋತ. 1997ರ ಡಿಸೆಂಬರ್ 7ರಂದು, 55 ತುಂಬಲು ಎರಡು ದಿನವಿರುವಾಗ, ಹೃದಯಾಘಾತದಿಂದ ತೀರಿಕೊಂಡ. 1999ರಲ್ಲಿ ಎಲ್ಲಂಡ್ ರೋಡ್ ಹೊರಗೆ ಆತನ ಪ್ರತಿಮೆ ನಿಂತಿತು.

ಈ ದೀರ್ಘಸೇವೆಗೆ ಇನ್ನೊಂದು ಬೆಲೆಯಿತ್ತೆಂದು ಗೊತ್ತಾಗಿದ್ದು ಈಚೆಗೆ. ಜಾಕ್ ಚಾರ್ಲ್‌ಟನ್ ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆಯಿಂದ ಬಳಲಿದ. ತಮ್ಮ ಬಾಬಿಗೂ ಅದೇ ಆಯಿತು. ಮೇಡ್ಲಿಗೆ ಪಾರ್ಕಿನ್‌ಸನ್ಸ್ ಕಾಯಿಲೆ ಇತ್ತು, 2018ರಲ್ಲಿ ತೀರಿಕೊಂಡ. ಒಬ್ಬೊಬ್ಬರ ಕಾಯಿಲೆಗೆ ಇದೇ ಕಾರಣ ಎಂದು ಬೆರಳು ತೋರಲಾಗದು. ಆದರೆ ಗ್ಲಾಸ್ಗೊ ವಿಶ್ವವಿದ್ಯಾಲಯದ ಡಾ. ವಿಲ್ಲಿ ಸ್ಟೂವರ್ಟ್ ತಂಡ 2019ರಲ್ಲಿ ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆಗಳನ್ನು ಪರಿಶೀಲಿಸಿತು. ಮೆದುಳಿನ ನರಗಳು ಕ್ಷೀಣಿಸುವ ಕಾಯಿಲೆಗಳಿಂದ ಅವರು ಸಾಯುವ ಸಂಭವ ಸಾಮಾನ್ಯ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಎಂದು ಕಂಡುಬಂತು. 2021ರಲ್ಲಿ ಅದೇ ತಂಡ ಇನ್ನಷ್ಟು ವಿಂಗಡಿಸಿ ನೋಡಿತು. ಗೋಲ್‌ಕೀಪರ್‌ಗಳಲ್ಲಿ ಹೆಚ್ಚಳವಿಲ್ಲ. ರಕ್ಷಣಾ ಆಟಗಾರರಲ್ಲಿ ಅತಿ ಹೆಚ್ಚು, ಸುಮಾರು ಐದು ಪಟ್ಟು. ಆಡಿದ ವರ್ಷಗಳು ಹೆಚ್ಚಿದಷ್ಟೂ ಅಪಾಯ ಹೆಚ್ಚು. ಹದಿನೈದು ವರ್ಷಕ್ಕೂ ಮೀರಿ ಆಡಿದವರಲ್ಲಿ ಅದೂ ಸುಮಾರು ಐದು ಪಟ್ಟು. ತಲೆಯಿಂದ ಚೆಂಡು ಹೊಡೆಯುವುದರ ಮೇಲೆ ಅನುಮಾನ. ಅದೇ ವರ್ಷ ಇಂಗ್ಲೆಂಡಿನಲ್ಲಿ, ಬಿರುಸಾಗಿ ಬರುವ ಚೆಂಡಿಗೆ ತರಬೇತಿಯಲ್ಲಿ ವಾರಕ್ಕೆ ಹತ್ತಕ್ಕಿಂತ ಹೆಚ್ಚು ಸಲ ತಲೆ ಕೊಡಬಾರದೆಂಬ ಸೂಚನೆ ಹೊರಟಿತು. ಚಾರ್ಲ್‌ಟನ್ ಕಾಲದಲ್ಲಿ ಹತ್ತು ಸಲ ಎಂದರೆ ಬೆಳಗಿನ ಅಭ್ಯಾಸದ ಆರಂಭ.

1995ರ ಬೋಸ್ಮನ್ ತೀರ್ಪು ಒಪ್ಪಂದ ಮುಗಿದ ಆಟಗಾರನನ್ನು ಪೂರ್ತಿ ಸ್ವತಂತ್ರನನ್ನಾಗಿಸಿದ ಮೇಲೆ ಹದಿನೈದು ಇಪ್ಪತ್ತು ವರ್ಷ ಒಂದೇ ಕಡೆ ಇರುವವರು ವಿರಳರಾದರು. ಲೀಡ್ಸ್‌ನಲ್ಲಿ ಕಂಡವನು ಐರ್ಲೆಂಡಿನ ಡ್ರೊಹೆಡದ ಗ್ಯಾರಿ ಕೆಲ್ಲಿ. 1991ರಿಂದ 2007ರವರೆಗೆ 531 ಪಂದ್ಯ. 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿದ ಕ್ಲಬ್ಬು ಸಾಲದಲ್ಲಿ ಮುಳುಗಿ ತಾರೆಯರನ್ನೆಲ್ಲ ಒಬ್ಬೊಬ್ಬರಾಗಿ ಮಾರಿ 2004ರಲ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದಾಗಲೂ ಆತ ಇದ್ದ. ದೀರ್ಘಸೇವೆ ಸಲ್ಲಿಸಿದವನಿಗೆ ಒಂದು ಪಂದ್ಯದ ಗಳಿಕೆಯನ್ನು ಕೊಡುವ ರೂಢಿ ಅಲ್ಲಿದೆ. ಇಪ್ಪತ್ತು ಪೌಂಡ್ ಸಂಬಳದ ಕಾಲದಲ್ಲಿ ಅದು ನಿವೃತ್ತಿ ವೇತನದ ಬದಲಿಗೆ ಇದ್ದದ್ದು. 2002ರಲ್ಲಿ ಸೆಲ್ಟಿಕ್ ವಿರುದ್ಧ ನಡೆದ ತನ್ನ ಪಂದ್ಯದ ಹಣವನ್ನು ಕೆಲ್ಲಿ ಕ್ಯಾನ್ಸರ್ ಸಂಬಂಧದ ದತ್ತಿ ಸಂಸ್ಥೆಗಳಿಗೆ ಕೊಟ್ಟ. ಆತನ ಅಕ್ಕ ಆ ರೋಗದಿಂದ ತೀರಿಕೊಂಡಿದ್ದಳು.

2020ರಲ್ಲಿ ಕ್ಲಬ್ಬು ಮತ್ತೆ ಮೇಲೇರುವ ಹಂತದಲ್ಲಿತ್ತು. ಏಪ್ರಿಲ್ 17ರಂದು ಕೊರೊನಾ ಸೋಂಕಿನಿಂದ ನಾರ್ಮನ್ ಹಂಟರ್ ತೀರಿಕೊಂಡ. ಲಾಕ್‌ಡೌನ್ ಕಾಲ, ಅಭಿಮಾನಿಗಳು ಸೇರುವಂತಿರಲಿಲ್ಲ. ಮೈದಾನದ ದಕ್ಷಿಣದ ಸ್ಟ್ಯಾಂಡ್‌ಗೆ ಕ್ಲಬ್ಬು ಆತನ ಹೆಸರಿಟ್ಟಿತು. ಜುಲೈ 10ರಂದು ಜಾಕ್ ಚಾರ್ಲ್‌ಟನ್ ಹೋದ. ವಾರ ಕಳೆದು ಜುಲೈ 17ರಂದು ನೆರೆಯ ಹಡರ್ಸ್‌ಫೀಲ್ಡ್ ತಂಡ ವೆಸ್ಟ್ ಬ್ರಾಮ್‌ವಿಚ್ ತಂಡವನ್ನು ಸೋಲಿಸಿದ್ದರಿಂದ, ಅಂದು ಆಡದೆಯೇ ಲೀಡ್ಸ್ ಹದಿನಾರು ವರ್ಷದ ನಂತರ ಪ್ರೀಮಿಯರ್ ಲೀಗ್‌ಗೆ ಮರಳಿತು. ಗುಂಪು ಸೇರಬೇಡಿ ಎಂದು ಹೇಳಿದ್ದರೂ ಆ ರಾತ್ರಿ ಸಾವಿರಾರು ಜನ ಎಲ್ಲಂಡ್ ರೋಡ್‌ಗೆ ಬಂದರು. ಒಳಗೆ ಬಾಗಿಲು ಹಾಕಿತ್ತು. ಹೊರಗೆ, ಎರಡೂ ಕೈ ಮೇಲೆತ್ತಿ ನಿಂತ ಬ್ರೆಮ್ನರ್‌ನ ಕಂಚಿನ ಪ್ರತಿಮೆ ಇತ್ತು.